ಮುಳುಗಿದ ಹಾಡಿಯ ಗಂಟೆ

ಅಣೆಕಟ್ಟು ಕಟ್ಟಿದಾಗ ಕಾಡಿನೊಳಗಿದ್ದ ಕಾಳನ ಪುಟ್ಟ ಊರು, ಅವರ ಹಾಡಿ, ಪೂರಾ ಹಿನ್ನೀರಿನಲ್ಲಿ ಮುಳುಗಿತು. ಬದಲಿಗೆ ಹಾಡಿಯವರಿಗೆ ಸಿಕ್ಕಿದ್ದು ಮೀನು ಹಿಡಿದು ಮಾರುವ ಲೈಸೆನ್ಸ್ ಒಂದೇ. ಮೀನು ಸೇರುತ್ತಿದ್ದದ್ದೂ ಆ ಮುಳುಗಿದ ಮನೆಗಳ ಮೇಲಿನ ಮಡುವಿನಲ್ಲೇ.

ಹೊಸದಾಗಿ ಬಂದ ಮೀನುಗಾರಿಕೆ ಸಾಹೇಬ ಮೀಸೆ ತಿರುವಿದ. "ನಾಳೆಯಿಂದ ಆ ಮಡುವಲ್ಲಿ ಗುತ್ತಿಗೆದಾರ ಬಲೆ ಬಿಡ್ತಾನೆ. ನೀವು ದಡದಲ್ಲಿ ಏಡಿ ಹಿಡ್ಕೊಳ್ಳಿ."

"ಆಗಲಿ ಸ್ವಾಮಿ," ಅಂದ ಕಾಳ. "ನೀರಿನ ಕೆಳಗಿರೋ ನಮ್ಮ ಹಿರಿಯರಿಗೂ ಒಂದು ಮಾತು ನೀವೇ ಹೇಳಿಬಿಡಿ."

ಮೀನು ಬಿದ್ದರೆ ತಿಳಿಯಲೆಂದು ಬಲೆಗೆ ಕಟ್ಟುವ ಗಂಟೆಯನ್ನು ಮರುದಿನ ಬೆಳಿಗ್ಗೆ ಕಾಳ ಹೆಂಡತಿ ಜಾಜಿಯ ಕೈಗಿಟ್ಟ. "ಮಡುವಿನ ಒಣಮರದ ಹಿಂದೆ ತೆಪ್ಪ ನಿಲ್ಲಿಸ್ಕೊಂಡಿರು. ನಾನು ಕೆಮ್ಮಿದಾಗ ಅಲ್ಲಾಡಿಸು." ಆಮೇಲೆ ಮಡು ತೋರಿಸುವ ನೆಪದಲ್ಲಿ ಸಾಹೇಬನನ್ನು ಹರಿಗೋಲಿಗೆ ಹತ್ತಿಸಿಕೊಂಡು ಮಂಜಿನೊಳಕ್ಕೆ ಹುಟ್ಟು ಹಾಕಿದ.

"ಸ್ವಾಮಿ, ಈಗ ನಮ್ಮಜ್ಜನ ಮನೆ ಸೂರಿನ ಮೇಲಿದ್ದೀವಿ. ಬೂಟು ಬಿಚ್ಚಿಬಿಡಿ."

"ಏನಯ್ಯ ನಿನ್ನ ಹುಚ್ಚು?" ಸಾಹೇಬ ನಕ್ಕ.

ಕಾಳ ಕೆಮ್ಮಿದ. ಗಂಟೆ ಕೇಳಿಸಿತು. ಗಾಳಿಯಿಲ್ಲ, ಅಲೆಯಿಲ್ಲ, ಸದ್ದು ಹರಿಗೋಲಿನ ತಳದಿಂದಲೇ ಏರಿ ಬಂದಂತಿತ್ತು. ಸಾಹೇಬ ಬೂಟಿನ ಲೇಸು ಬಿಚ್ಚಲಾಗದೆ ಕಿತ್ತೇ ಹಾಕಿದ.

"ಯಾ... ಯಾರದು?"

"ಅಜ್ಜ. ಗುತ್ತಿಗೆದಾರನ ಹೆಸರು ಕೇಳ್ತಿದ್ದಾನೆ. ಜೊತೆಗೆ ನಿಮ್ಮದೂ."

"ಹೇಳಬೇಡ್ವೋ ಮಾರಾಯ! ಗುತ್ತಿಗೆ ರದ್ದು! ಮಡು ನಿಮ್ಮದೇ! ದಡಕ್ಕೆ ತಿರುಗಿಸು!"

ಸಾಹೇಬ ಬರಿಗಾಲಲ್ಲೇ ಜೀಪು ಹತ್ತಿ ಹೋದ. ಕಾಳ ಹೊಟ್ಟೆ ಹಿಡಿದುಕೊಂಡು ನಗುತ್ತ ಗುಡಿಸಲಿಗೆ ಬಂದರೆ, ಜಾಜಿ ಒಲೆ ಊದುತ್ತ ಕೂತಿದ್ದಳು. ಗಂಟೆ ಗೂಟದಲ್ಲಿ ನೇತಾಡುತ್ತಿತ್ತು.

"ಬೈಬೇಡ ಕಣೋ," ಅಂದಳು. "ಮಂಜಲ್ಲಿ ದಾರಿ ಕಾಣಲಿಲ್ಲ. ಅರ್ಧಕ್ಕೇ ವಾಪಸ್ ಬಂದುಬಿಟ್ಟೆ."

ಕಾಳನ ನಗು ಅಲ್ಲೇ ನಿಂತಿತು. ಮತ್ತೆ ಮಡುವಿಗೆ ಬಲೆ ಬಿಡಲು ಹೊರಟಾಗ, ಅವನೂ ಚಪ್ಪಲಿಯನ್ನು ದಡದಲ್ಲೇ ಬಿಟ್ಟ.