ಮರಿಸಿದ್ದ ಹುಳ ಸಾಕಿದ್ದು

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ದ್ಯಾವಮ್ಮ, ಮಗ ಮರಿಸಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಬೇಕು ಅಂತ ದ್ಯಾವಮ್ಮ ಹರಕೆ ಹೊತ್ತಿದ್ದಳಂತೆ. ಸಿಕ್ಕಿದ ನೋಡಿ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವರ ಬದುಕೆಲ್ಲ ಮನೆ ಹಿಂದಿನ ಮತ್ತಿಮರಗಳ ಮೇಲೆ. ಮರದಲ್ಲಿ ಕಾಡುರೇಷ್ಮೆ ಹುಳ. ಹುಳ ಎಲೆ ತಿನ್ನಬೇಕು, ದಪ್ಪಗಾಗಬೇಕು, ಗೂಡು ಕಟ್ಟಬೇಕು, ಆಮೇಲೆ ಇವರ ಒಲೆ ಉರಿಯಬೇಕು. ಆ ಸಲ ಇದ್ದಬದ್ದ ಮೊಟ್ಟೆಯೆಲ್ಲ ಮರಿಯಾಗಿತ್ತು. ಇವು ಸತ್ತರೆ ಮುಂದಕ್ಕೆ ಬೀಜವೇ ಇಲ್ಲ. ಅಂಥ ಹೊತ್ತಿಗೇ ದ್ಯಾವಮ್ಮನ ಕಾಲು ಉಳುಕಬೇಕೆ!

“ಮಗಾ, ಆ ಮೂಲೆ ಮರ ಬೋಳಾಯ್ತು. ಹುಳಾನ ಹಸಿರಾಗಿರೋ ಮರಕ್ಕೆ ಬಿಡೋ.”

“ಆಯ್ತವ್ವಾ.”

ಹೋದ. ಸುತ್ತ ನೋಡಿದ. ಎಲ್ಲಕ್ಕಿಂತ ಹಸಿರಾಗಿದ್ದದ್ದು ಬೇವಿನಮರ. ಬಿಟ್ಟ! ಹುಳಗಳು ಎಲೆ ಮುಟ್ಟಿದವು, ತಲೆ ತಿರುಗಿಸಿದವು. ಮಾರನೇ ದಿನಕ್ಕೆ ದಾರದ ಹಾಗೆ ಸೊರಗಿದವು. ಕೆಲವು ಉದುರಿಯೇ ಹೋದವು.

ದ್ಯಾವಮ್ಮ ಕೋಲೂರಿಕೊಂಡು ಬಂದಳು.

“ಅಯ್ಯೋ ನಿನ್ನ ಬುದ್ಧಿಗೆ ಬೆಂಕಿ ಹಾಕ! ಬೇವು ತಿಂದು ಯಾರೋ ದಪ್ಪಗಾಗಿದಾರೆ? ಹುಳಾನ ಅದು ಹುಟ್ಟಿದ ಮರಕ್ಕೇ ಬಿಡಬೇಕು ಕಣೋ!”

“ಮೊದಲೇ ಹೇಳಬಾರದೇನವ್ವಾ?”

ಆರಿಸಿದ, ಮೊರಕ್ಕೆ ತುಂಬಿದ, ಹುಟ್ಟಿದ ಮರಕ್ಕೇ ತಂದು ಬಿಟ್ಟ. ಅದೇ ಮೂಲೆ ಮರ! ಒಂದೆಲೆ ಇಲ್ಲ. ಪಾಪದ ಹುಳಗಳು ಬೋಳು ಕೊಂಬೆ ಮೇಲೆ ತಲೆಯೆತ್ತಿ ಗಾಳಿಯಲ್ಲಿ ಎಲೆ ಹುಡುಕುತ್ತಿದ್ದವು.

“ಲೋ ಮಂಕೇ! ಕಡ್ಡಿ ತಿಂತವೇನೋ? ಮರದ ತುಂಬ ಎಲೆ ಇರಬೇಕು, ಎಲೆ!”

“ಹಂಗಂದ್ರೆ ಆಯ್ತವ್ವಾ.”

ಪಕ್ಕದ ಮತ್ತಿಮರ ಹತ್ತಿದ. ಎಲೆಯೆಲ್ಲ ಕಿತ್ತ. ಬಾಳೆನಾರು ತಂದ. ಬೋಳು ಮರಕ್ಕೆ ಒಂದೊಂದೇ ಎಲೆ ಕಟ್ಟಿದ. ಬೆಳಗಿನಿಂದ ಬೈಗಿನವರೆಗೆ ಕಟ್ಟಿದ. ಬಿಸಿಲಿಗೆ ಎಲೆ ಬಾಡಿ ಹಪ್ಪಳವಾಯಿತು.

ದ್ಯಾವಮ್ಮ ಹಣೆ ಚಚ್ಚಿಕೊಂಡಳು. “ಇದ್ದದ್ದು ಒಂದು ಬೋಳು ಮರ, ಎರಡು ಮಾಡಿದೆಯಲ್ಲೋ ಮಾರಾಯ! ಕೈಯಲ್ಲಿ ಹಿಸುಕಿ ಹಿಸುಕಿ ಅರ್ಧ ಹುಳ ಕೊಂದೆ! ಕೂತಿದ್ದನ್ನ ಎಬ್ಬಿಸಬಾರದು. ಕೂತ ಕಡೆಯಿಂದ ಕೊಂಬೆ ಸಮೇತ ಎತ್ತಿ ಚಿಗುರಿರೋ ಮತ್ತಿಗೆ ತರಬೇಕು!”

ಬೈಯುವುದು ಸುಲಭ. ಪೂರ್ತಿ ಹೇಳುವ ವ್ಯವಧಾನ ಮಾತ್ರ ಯಾರಿಗೂ ಇಲ್ಲ!

ಮರಿಸಿದ್ದ ಕೊಂಬೆ ಸಮೇತ ಹುಳ ತಂದು ಚಿಗುರಿದ್ದ ಮತ್ತಿಮರಕ್ಕಿಟ್ಟ. ಒಂದು ಸಲವಾದರೂ ಸರಿಹೋಯಿತಲ್ಲ ಅಂತ ದ್ಯಾವಮ್ಮ ಉಸಿರುಬಿಟ್ಟಳು. “ಇನ್ನು ನನ್ನ ಕೈಲಾಗಲ್ಲ. ಪಕ್ಕದೂರಿಗೆ ಹೋಗಿ ನಿಮ್ಮ ದೊಡ್ಡವ್ವನ್ನ ಕರ್ಕೊಂಡು ಬಾ.”

ದೊಡ್ಡವ್ವ ಹೊನ್ನಾಜಮ್ಮ ಮಣೆ ಮೇಲೆ ಕೂತು ಉಣ್ಣುತ್ತಿದ್ದಳು. ಕೂತವರನ್ನು ಎಬ್ಬಿಸಬಾರದು ತಾನೆ? ಮಣೆ ಸಮೇತ ಎತ್ತಿ ತಲೆ ಮೇಲಿಟ್ಟುಕೊಂಡ!

“ಇಳಿಸೋ ಮುಂಡೇದೇ! ಕೈ ತೊಳೀಲಿಲ್ಲ ಕಣೋ!”

“ಅಲ್ಲಾಡಬೇಡ ದೊಡ್ಡವ್ವಾ, ಉದುರಿಹೋಗ್ತೀಯ.”

ಊರಿಗೆ ಊರೇ ಬಾಗಿಲಿಗೆ ಬಂತು. ಹೊನ್ನಾಜಮ್ಮ ಎಂಜಲು ಕೈಯಲ್ಲೇ ಅವನ ತಲೆಗೆ ಮೊಟಕುತ್ತಾ ಬಂದಳು. ಇಳಿದವಳೇ ಕಿರುಚಿದಳು:

“ಒಂದೇ ತುತ್ತು ತಿಂದಿದ್ದೆನಲ್ಲೋ! ಮನೆಗೆ ಬಂದೋರಿಗೆ ಮೊದಲು ಎಲೆ ಹಾಕಬೇಕು. ಸಾಕು ಅನ್ನೋವರೆಗೂ ಬಡಿಸಬೇಕು. ತಿಳೀತಾ?”

“ತಿಳೀತು ದೊಡ್ಡವ್ವಾ.”

ಹೊನ್ನಾಜಮ್ಮ ಉಂಡು, ಸೆರಗು ಬಿಗಿದು ಮರಗಳ ಕಡೆ ಹೋದಳು. ಹಸಿವಿಗೆ ತಾವೇ ಪಕ್ಕದ ಸೀಬೆಮರಕ್ಕೆ ಹರಿದುಹೋಗಿದ್ದ ಕೆಲವು ಹುಳಗಳು ಹಸಿಮೆಣಸಿನಕಾಯಿಯಷ್ಟೇ ಇದ್ದವು. ಚಿಗುರಿದ್ದ ಮತ್ತಿಮರದವು ಹೆಬ್ಬೆರಳ ಗಾತ್ರವಾಗಿದ್ದವು. “ನೋಡೇ ದ್ಯಾವೀ, ಎಲೆ ಹೆಂಗೋ ಹುಳ ಹಂಗೆ,” ಅಂದಳು. ಉಳಿದವನ್ನೆಲ್ಲ ಎಳೆ ಎಲೆಯ ಮತ್ತಿಗೇ ದಾಟಿಸಿದಳು. ಹುಳ ತಿಂದವು, ಹಿಗ್ಗಿದವು, ಗೂಡು ಕಟ್ಟಿದವು. ನೂರಕ್ಕೆ ಹತ್ತು ಉಳಿದಿತ್ತು. ಇರಲಿ, ಬೀಜಕ್ಕೆ ಸಾಕು. ಗೂಡನ್ನೆಲ್ಲ ಸರ ಮಾಡಿ ಜಂತೆಗೆ ತೂಗುಹಾಕಿದರು.

ದಿನ ತುಂಬಿತು. ಒಂದು ಸಂಜೆ ಅಕ್ಕತಂಗಿಯರು ಕೆರೆಗೆ ಹೊರಟರು. “ಮಗಾ, ಗೂಡಿಂದ ಪತಂಗ ಇವತ್ತು ಈಚೆ ಬರ್ತವೆ. ಅವು ಮೊಟ್ಟೆ ಇಟ್ಟರೇನೇ ನಮಗೆ ಬಾಳು. ಮನೆಗೆ ನೆಂಟರು ಬಂದಂಗೆ ನೋಡ್ಕೋ!”

“ಆಯ್ತವ್ವಾ.”

ವಾಪಸು ಬಂದು ನೋಡಿದರೆ ಪಡಸಾಲೆ ಉದ್ದಕ್ಕೂ ಬಾಳೆಲೆ. ಎಲೆಗೊಂದು ಪತಂಗ. ಅನ್ನ, ಸಾರು, ಮೇಲೆ ಪಾಯಸ. ರೆಕ್ಕೆ ಬೆಲ್ಲದಲ್ಲಿ ಅಂಟಿ, ಕೆಲವಂತೂ ಅನ್ನದಡಿ ಹೂತುಹೋಗಿದ್ದವು. ಮರಿಸಿದ್ದ ಸೌಟು ಹಿಡಿದು ಬೆವರೊರೆಸಿಕೊಳ್ಳುತ್ತಿದ್ದ.

ದ್ಯಾವಮ್ಮನ ಕೊಡ ಕೈಯಿಂದ ಜಾರಿತು. “ಅಯ್ಯೋ ಪಾಪಿ! ಪತಂಗ ಉಣ್ಣಲ್ಲ ಕಣೋ! ಅವಕ್ಕೆ ಬಾಯೇ ಇಲ್ಲ ಕಣೋ!”

ಮರಿಸಿದ್ದ ಸೌಟು ಎಸೆದು ಅವ್ವನ ಮೇಲೇ ರೇಗಿದ.

“ಮೊದಲೇ ಹೇಳಬಾರದೇನವ್ವಾ? ಮೂರು ಸಲ ಅನ್ನ ಬೇಯಿಸಿದೆ! ಒಂದಾದರೂ ಸಾಕು ಅನ್ನಬೇಡವಾ!”