ಕಬ್ಬಿಣದ ಮಳೆಗೆ ಹೊರಟ ಕುಕ್ಕರ್

ನನ್ನ ಹಳೆಯ ದಿನಚರಿಯಲ್ಲಿ ೨೦೨೦ರ ಮಾರ್ಚ್ ೧೪ರ ಪುಟ ಹೀಗಿದೆ: ದೂರದ ಗ್ರಹವೊಂದರಲ್ಲಿ ಕಬ್ಬಿಣವೇ ಕಾದು ಆವಿಯಾಗಿ, ಮಳೆಯಾಗಿ ಸುರಿಯುತ್ತದೆಂದು ರೇಡಿಯೊ ಹೇಳಿತು.

ಒಲೆಯ ಮೇಲಿದ್ದ ಕುಕ್ಕರ್ ಬೀಗಿತು. "ಬಿಸಿ, ಒತ್ತಡ ನನಗೇನು ಹೊಸದೇ? ಆ ಗ್ರಹಕ್ಕೆ ನಾನೇ ಯೋಗ್ಯ. ಅಭ್ಯಾಸಕ್ಕಾಗಿ ಇಂದಿನಿಂದ ಕೂಗುವುದಿಲ್ಲ."

"ಅಲ್ಲಿ ಕಬ್ಬಿಣದ ನಾನೇ ಉಳಿಯುವುದಿಲ್ಲ. ತಾವು ಅಲ್ಯುಮಿನಿಯಂ ಅಲ್ಲವೇ, ಮಹಾರಾಯರೇ?" ಎಂದಿತು ದೋಸೆಯ ಕಾವಲಿ.

"ಹೇಡಿ!" ಎಂದು ಕುಕ್ಕರ್ ಹಬೆಯನ್ನು ಬಿಗಿಹಿಡಿಯಿತು.

ಮುಚ್ಚಳದ ಪುಟ್ಟ ಸೇಫ್ಟಿ ವಾಲ್ವ್ ಬೇಡಿಕೊಂಡಿತು: "ಒಂದು ಸಲ ಕೂಗಿಬಿಡಿ, ಯಜಮಾನರೇ. ಮೊದಲು ಹೋಗುವುದು ನನ್ನ ಜೀವ."

"ದೊಡ್ಡ ಕೆಲಸದಲ್ಲಿ ಸಣ್ಣವರು ಸಾಯುವುದು ಸಹಜ."

ವಾಲ್ವ್ ಕರಗಿತು. ಬೇಳೆ ಅಂತರಿಕ್ಷಕ್ಕೆ ಹೊರಟು ಸೂರಿನವರೆಗೆ ತಲುಪಿತು.

ಒಟ್ಟು ನಷ್ಟ: ಒಂದು ವಾಲ್ವ್, ಒಂದು ಪಾವು ತೊಗರಿಬೇಳೆ, ಆರು ಜನರ ಮಧ್ಯಾಹ್ನದ ಸಾರು. ಕುಕ್ಕರಿಗೆ ಏನೂ ಆಗಲಿಲ್ಲ.