ಬರುವವನ ಕಟ್ಟೆ

ಕೋಡಿಬಂದರಿನ ಹಳೆ ಮೀನುಪೇಟೆಯಲ್ಲಿ ಇಳಿದು ಯಾರನ್ನು ಕೇಳಿದರೂ ಬರುವವನ ಕಟ್ಟೆಯ ದಾರಿ ತೋರಿಸುತ್ತಾರೆ. ನಾಲ್ಕು ಮೆಟ್ಟಿಲು, ನಡುವೆ ಬತ್ತಿದ ಕಾರಂಜಿ, ಅದರ ಮೇಲೆ ದೊಡ್ಡದೊಂದು ಮೀನಿನ ಬೆನ್ನೇರಿ ನಿಂತ ಕಪ್ಪುಕಲ್ಲಿನ ತರುಣ. ಸೊಂಟ ಒಂದು ಕಡೆಗೆ ತಿರುಗಿದ್ದರೆ ಹೆಗಲು ಇನ್ನೊಂದು ಕಡೆಗೆ. ಮೇಲುಹೊದಿಕೆ ಗಾಳಿಗೆ ಹಾರುತ್ತಿದೆ. ಯುರೋಪಿನಲ್ಲಿ ಬರೋಕ್ ಎಂದು ಕರೆಯುವ ಶೈಲಿಯಿದು. ಇಪ್ಪತ್ತೆಂಟು ವರ್ಷ ಇದೇ ಊರಿನ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ನನಗೆ ಮೊದಲಿನಿಂದಲೂ ಕಾಡಿದ ಪ್ರಶ್ನೆ ಒಂದೇ. ಕಾಲ್ಬೆರಳಿನ ಉಗುರನ್ನೂ ಬಿಡದೆ ಕೆತ್ತಿದವನು ಕಣ್ಣನ್ನು ಮಾತ್ರ ಏಕೆ ಬಿಟ್ಟ? ರೆಪ್ಪೆಗಳ ನಡುವೆ ಇರುವುದು ಬರೀ ನುಣುಪು ಕಲ್ಲು. ಉಪ್ಪುಗಾಳಿಗೆ ಸವೆದಿದೆ ಎಂದು ಅಲ್ಲಿನ ಫಲಕ ಹೇಳುತ್ತದೆ. ಉಗುರನ್ನು ಮುಟ್ಟದ ಗಾಳಿ ಕಣ್ಣನ್ನಷ್ಟೇ ಸವೆಸಿತಂತೆ! ಬರೆದ ಪುಣ್ಯಾತ್ಮರು ಒಮ್ಮೆ ಕತ್ತೆತ್ತಿ ನೋಡಿದ್ದರೆ ಸಾಕಿತ್ತು.

ಪೇಟೆಯ ಹಿರಿಯರು ಹೇಳುವುದು ಬೇರೆ. ಪರಂಗಿಯವರು ಇಲ್ಲಿ ಮೆಣಸಿನ ಕೋಠಿ ಕಟ್ಟಿಕೊಂಡಿದ್ದ ಕಾಲದಲ್ಲಿ ಕೋಠಿಯ ಯಜಮಾನನ ಒಬ್ಬನೇ ಮಗ ದುವಾರ್ತನ ಹಡಗು ಅಳಿವೆಯ ಬಾಯಲ್ಲಿ ಮುಳುಗಿತಂತೆ. ಹೆಣ ಸಿಗಲಿಲ್ಲ. ತಾಯಿ ಲೆನೋರಮ್ಮ ಮಾತು ಬಿಟ್ಟಳು, ಅರ್ಧ ಊಟವನ್ನೂ ಬಿಟ್ಟಳು. ಮಗನ ನೆನಪಿಗೆ ಪೇಟೆಯಲ್ಲೊಂದು ಕಾರಂಜಿ ಮಾಡಿಸಲು ಯಜಮಾನ ತನ್ನ ದೇಶದಿಂದ ನಕ್ಷೆ ತರಿಸಿದ. ಕೆತ್ತಲು ಘಟ್ಟದ ಮೇಲಿನ ದೇವರ ವಿಗ್ರಹಗಳ ಶಿಲ್ಪಿ ಸೂರಪ್ಪಾಚಾರಿಯನ್ನು ಕರೆಸಿದ. ನೆಟ್ಟಗೆ ನಿಂತ ದೇವರುಗಳನ್ನೇ ಕಡೆದು ಬಂದ ಆಚಾರಿ ನಕ್ಷೆ ನೋಡಿ, "ಹೀಗೆ ನಿಂತರೆ ಹುಡುಗನಿಗೆ ಸೊಂಟ ಉಳುಕುತ್ತದಲ್ಲ" ಎಂದನಂತೆ. ಆದರೂ ಒಪ್ಪಿಕೊಂಡ. ಲೆನೋರಮ್ಮ ದಿನವೂ ಬಂದು ಕೂತು, ಗಲ್ಲ ಹೀಗಿತ್ತು, ಕಿವಿ ಹೀಗಿತ್ತು ಎಂದು ಬೆರಳಲ್ಲೇ ತೋರಿಸುತ್ತಿದ್ದಳು.

ಒಂದೂವರೆ ವರ್ಷಕ್ಕೆ ಎಲ್ಲ ಮುಗಿಯಿತು, ಕಣ್ಣೊಂದು ಉಳಿಯಿತು. ಆಚಾರಿಯ ಮನೆತನದ ಪದ್ಧತಿಯೇ ಹಾಗೆ. ಕಣ್ಣು ಎಲ್ಲಕ್ಕಿಂತ ಕೊನೆಯ ಕೆಲಸ, ಮುಹೂರ್ತ ನೋಡಿ, ಉಪವಾಸವಿದ್ದು, ಬಂಗಾರದ ಸೂಜಿಯಿಂದ ತೆರೆಯಬೇಕು. ಪೇಟೆಯ ಕಾರಂಜಿಗೆ ಇದೆಲ್ಲ ಬೇಕಿರಲಿಲ್ಲ, ಆದರೆ ಅವನ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ. ಕಣ್ಣೇಕಿಲ್ಲ ಎಂದು ಲೆನೋರಮ್ಮ ಅಷ್ಟು ದಿನಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು. ಕೋಠಿಯ ದುಭಾಷಿ ಪಾಸ್ಕು ಆಚಾರಿಯ ಮಾತನ್ನು ಇದ್ದದ್ದು ಇದ್ದ ಹಾಗೆ ಅವಳ ಭಾಷೆಗೆ ತಿರುಗಿಸಿದ: "ಕಣ್ಣು ತೆರೆದ ಮೇಲೆ ಜೀವ ಬರುತ್ತದೆ."

ಆ ದಿನ ಲೆನೋರಮ್ಮ ಹೊಟ್ಟೆತುಂಬ ಉಂಡಳು. ಮಗನ ಕೋಣೆ ಗುಡಿಸಿದಳು, ಹಾಸಿಗೆ ಬಿಸಿಲಿಗೆ ಹಾಕಿದಳು, ಹೊಸ ಅಂಗಿ ಹೊಲಿಯಲು ಕೂತಳು. ಪಾಸ್ಕು ಓಡಿಬಂದು ಇದನ್ನು ಹೇಳಿದಾಗ ಆಚಾರಿ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ. ಆಡಿದ ಮಾತು ಸುಳ್ಳಲ್ಲ, ಆದರೆ ಅವಳಿಗೆ ಅರ್ಥವಾದದ್ದು ಬೇರೆ. ಕಣ್ಣು ತೆರೆದ ಗಳಿಗೆಯಲ್ಲಿ ಮಗ ಕೆಳಗಿಳಿದು ಬಾರದಿದ್ದರೆ ಆ ತಾಯಿ ಉಳಿಯುವುದಿಲ್ಲ ಎಂದು ಅವನಿಗೆ ಹೊಳೆಯಿತು. ಆಷಾಢವೆಂದ, ಗ್ರಹಣವೆಂದ, ಮೈಲಿಗೆಯೆಂದ. ಕೊನೆಗೆ ಯಜಮಾನ ತಾನೇ ದಿನ ಗೊತ್ತುಮಾಡಿದ.

ಆ ಬೆಳಿಗ್ಗೆ ಊರೇ ನೆರೆದಿತ್ತು. ಲೆನೋರಮ್ಮ ಮಡಿಸಿದ ಅಂಗಿಯನ್ನು ತೋಳ ಮೇಲಿಟ್ಟುಕೊಂಡು ಮುಂದೆ ನಿಂತಿದ್ದಳು. ಏಣಿ ಹತ್ತಿದ ಆಚಾರಿ ಸೂಜಿ ಹಿಡಿದವನು ಹಾಗೆಯೇ ಇಳಿದು ಬಂದ. "ಅಮ್ಮಾ, ನಾನು ಕಣ್ಣು ತೆರೆದರೆ ಇವನು ದೇವರಾದಾನು. ನಿಮ್ಮ ಮಗನಾಗಲಾರ. ಅದು ನನ್ನ ಕೈಯಲ್ಲಿಲ್ಲ" ಎಂದ. ಪಾಸ್ಕುವಿಗೆ ಅದನ್ನು ತಿರುಗಿಸಿ ಹೇಳಲು ಬಹಳ ಹೊತ್ತು ಹಿಡಿಯಿತು ಎನ್ನುತ್ತಾರೆ. ಅವಳು ಅಳಲಿಲ್ಲ. ತೆರೆಯದಿದ್ದರೆ ಏನು ಎಂದು ಕೇಳಿದಳು. "ತೆರೆಯದಿದ್ದರೆ ಇದು ಕಲ್ಲು. ಮಗ ಎಲ್ಲಿದ್ದಾನೋ ಅಲ್ಲಿದ್ದಾನೆ."

"ಹಾಗಾದರೆ ಯಾರೂ ಮುಟ್ಟಬೇಡಿ" ಎಂದಳು ಲೆನೋರಮ್ಮ. "ಅವನು ಬರುವವನು." ಅಂಗಿಯನ್ನು ಮೆಟ್ಟಿಲ ಮೇಲಿಟ್ಟು ಮನೆಗೆ ನಡೆದಳು. ಕಟ್ಟೆಗೆ ಹೆಸರು ಬಂದದ್ದು ಅಂದಿನಿಂದ.

ಕೋಠಿ ಬಿದ್ದುಹೋಗಿ ಎಷ್ಟೋ ಕಾಲವಾಯಿತು, ಪದ್ಧತಿ ಉಳಿದಿದೆ. ಕಡಲಿಗೆ ಹೋದವನ ದೋಣಿ ಹೇಳಿದ ದಿನಕ್ಕೆ ಬಾರದಿದ್ದರೆ ಮನೆಯವರು ಅವನ ಅಳತೆಯ ಅಂಗಿಯೊಂದನ್ನು ಇಲ್ಲಿ ಮಡಿಸಿಡುತ್ತಾರೆ. ಬಂದವನು ನೇರ ಇಲ್ಲಿಗೇ ಬಂದು, ತೊಟ್ಟುಕೊಂಡು ಮನೆಗೆ ಹೋಗುತ್ತಾನೆ. ಬಂದವರೇ ಹೆಚ್ಚು, ಅದನ್ನೂ ಹೇಳಬೇಕು. ನೋಡಲು ಬಂದವರು ಕೆಲವರು ಅಂಗಿ ಮಾರಾಟಕ್ಕಿದೆಯೇ ಎಂದು ಕೇಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಚಿತ್ರ ತೆಗೆಯುವವರು ಬೇಕಾದಷ್ಟು ತೆಗೆಯಲಿ, ಮೂರನೆಯ ಮೆಟ್ಟಿಲ ನೀಲಿ ಅಂಗಿಯನ್ನು ಮಾತ್ರ ಸರಿಸಬಾರದು. ಅದು ನಮ್ಮಣ್ಣ ಗಂಗಾಧರನದು. ಮೂವತ್ತೊಂದು ವರ್ಷದಲ್ಲಿ ಬಣ್ಣ ಹೋದಾಗಲೆಲ್ಲ ಹೊಸದು ತಂದಿಟ್ಟಿದ್ದೇನೆ. ಅಳತೆ ಅವನು ಹೋದ ದಿನದ್ದೇ.